ಕುದಿ ಬಂದದ, ಉರಿ ಸಣ್ಣ ಮಾಡ್ರಿ

ವಿಜ್ಞಾನದ ಮಾಸ್ತರನನ್ನು ಮದುವೆಯಾದವರ ಕಷ್ಟ ಯಾವ ಜನಗಣತಿಯಲ್ಲೂ ದಾಖಲಾಗುವುದಿಲ್ಲ. ಶಾಲೆಯಲ್ಲಿ ‘ಶಾಖ’ದ ಪಾಠ ಗಂಟೆ ಬಾರಿಸಿದ ಕೂಡಲೇ ಮುಗಿಯುತ್ತದೆ, ಹುಡುಗರು ಪುಸ್ತಕ ಮುಚ್ಚಿ ಓಡುತ್ತಾರೆ. ಮನೆಯಲ್ಲಿ ಗಂಟೆ ಇಲ್ಲ. ಅಡುಗೆಮನೆಗೆ ಇರುವುದು ಒಂದೇ ಬಾಗಿಲು, ಆ ಬಾಗಿಲಿಗೆ ಅಡ್ಡಲಾಗಿ ನಾನೇ ನಿಂತಿರುತ್ತೇನೆ. ಬೀದರ್ ನಗರದ ನಮ್ಮ ಬಾಡಿಗೆ ಮನೆಯ ಗ್ಯಾಸ್ ಒಲೆಗೆ ಎರಡು ಬರ್ನರ್. ನನ್ನನ್ನೂ ಸೇರಿಸಿದರೆ ಮೂರು ಎಂಬುದು ನಮ್ಮಾಕಿಯ ಲೆಕ್ಕ. ಮೊದಲಿನ ಎರಡನ್ನು ಆರಿಸಲು ನಾಬ್ ಇದೆ ಎಂದು ಬಂದವರಿಗೆಲ್ಲ ಹೇಳಿ ಆಕೆ ನಿಟ್ಟುಸಿರು ಬಿಡುತ್ತಾಳೆ.

ನಮ್ಮಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿದೆ. ಅವ್ವ ಮತ್ತು ನಮ್ಮಾಕಿ ಅಡುಗೆ ಮಾಡುತ್ತಾರೆ. ಆ ಅಡುಗೆಯಲ್ಲಿ ಶಕ್ತಿ ಎಲ್ಲಿ ಪೋಲಾಯಿತು ಎಂಬುದನ್ನು ನಾನು ಪತ್ತೆ ಹಚ್ಚುತ್ತೇನೆ. ಊಟ ಮಾತ್ರ ಎಲ್ಲರೂ ಕೂಡಿ ಮಾಡುತ್ತೇವೆ, ಅದೂ ನನ್ನ ತನಿಖೆ ಹೊತ್ತಿಗೆ ಸರಿಯಾಗಿ ಮುಗಿದರೆ.

ತನಿಖೆ ಆರಂಭವಾದದ್ದು ಸಿಲಿಂಡರ್ ಬೇಗ ಖಾಲಿಯಾಗುತ್ತಿದೆ ಎಂಬ ಗುಮಾನಿಯಿಂದ. ಇಂಥ ಗುಮಾನಿ ಬಂದರೆ ಉಳಿದ ಗಂಡಸರು ಇನ್ನೊಂದು ಬುಕ್ ಮಾಡಿ ಸುಮ್ಮನಾಗುತ್ತಾರೆ. ನಾನು ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಬರೆದೆ. ಸಿಲಿಂಡರಿನಲ್ಲಿ ಇರುವುದು 14.2 ಕೆ.ಜಿ. ಅನಿಲ, ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅದರ ಒಂದು ಗ್ರಾಂ ಪೂರ್ತಿ ಉರಿದರೆ ಸುಮಾರು 11 ಕಿಲೋಕ್ಯಾಲೊರಿ ಶಾಖ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದದ್ದು ಒಂದು ಕಿಲೋಕ್ಯಾಲೊರಿ. ನಲ್ಲಿಯಿಂದ 28 ಡಿಗ್ರಿಯಲ್ಲಿ ಬಂದ ನೀರಿಗೆ ಕುದಿ ಬರಿಸಲು 70 ಸಾಕು. ಗ್ಯಾಸ್ ಒಲೆ ಹುಟ್ಟಿಸಿದ ಶಾಖವೆಲ್ಲ ಪಾತ್ರೆಗೆ ಮುಟ್ಟುವುದಿಲ್ಲ, ನಿಜ. ಆದರೆ ಮನೆಬಳಕೆಯ ಒಲೆ ನೂರಕ್ಕೆ 68 ಪಾಲನ್ನಾದರೂ ಮುಟ್ಟಿಸಬೇಕು ಎಂದು ಭಾರತೀಯ ಮಾನಕವೇ ಹೇಳುತ್ತದೆ. ಅಲ್ಲಿಗೆ ಲೀಟರ್ ನೀರಿನ ಕುದಿಗೆ ಹತ್ತು ಗ್ರಾಂ ಗ್ಯಾಸು. ಇಡೀ ಸಿಲಿಂಡರಿಗೆ 1,400 ಲೀಟರ್.

“ನೋಡು, 1,400 ಲೀಟರ್ ನೀರು ಕುದೀಬೇಕು. ನಮ್ಮ ಮನ್ಯಾಗ ಅಷ್ಟೆಲ್ಲಾ ಎಲ್ಲಿ ಹೋಗ್ಲತ್ತದ?” ಎಂದೆ.

ನಮ್ಮಾಕಿ ಹಿಂತಿರುಗಿ ನೋಡದೆ, “ನಿಮ್ಮ ಚಹಾದಾಗ” ಎಂದಳು.

ಆಮೇಲೆ ಆಕೆಯ ಲೆಕ್ಕ ಬಂತು. ಎದ್ದಾಗಿನ ಚಹಾ, ಪೇಪರ್ ಬಂದಾಗಿನ ಚಹಾ, ಶಾಲೆಯಿಂದ ಬಂದಾಗಿನ ಚಹಾ, ಯಾರೋ ಬರುತ್ತಾರೆಂದು ಮಾಡಿಸಿ ಅವರು ಬಾರದೆ ನಾನೇ ಕುಡಿದ ಚಹಾ, ಪತ್ರಿಕೆ ತಿದ್ದುತ್ತ ಮರೆತು ತಣ್ಣಗಾಗಿಸಿ ಮತ್ತೆ ಕಾಯಿಸಲು ಕಳಿಸಿದ ಚಹಾ. ಇದರಲ್ಲಿ ಒಂದನ್ನೂ ಅಲ್ಲಗಳೆಯುವ ದಾಖಲೆ ನನ್ನ ಬಳಿ ಇರಲಿಲ್ಲ. ಕ್ಯಾಲೆಂಡರನ್ನು ತಿರುಗಿಸಿ ಗೋಡೆಗೆ ನೇತುಹಾಕಿದೆ.

ಶಾಖಕ್ಕೂ ಉಷ್ಣತೆಗೂ ಇರುವ ವ್ಯತ್ಯಾಸ ಮನೆಯವರಿಗೆ ಗೊತ್ತಿಲ್ಲ, ಅದಕ್ಕೇ ಈ ವಾದ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು, ಮರುದಿನ ಬಿದ್ರಿಯ ಉದಾಹರಣೆ ತೆಗೆದೆ. ಬೀದರಿನಲ್ಲಿದ್ದು ಬಿದ್ರಿ ಬಿಟ್ಟು ಬೇರೆ ಉದಾಹರಣೆ ಕೊಡುವುದು ಸರಿಯಲ್ಲ. ಬಿದ್ರಿ ಪಾತ್ರೆಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಮೇಲೆ ಬೆಳ್ಳಿಯ ಕುಸುರಿ. ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಳಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಸತು ಕರಗಲು ಸುಮಾರು 420 ಡಿಗ್ರಿ ಬೇಕು. ಕೇಳಿದರೆ ಎದೆ ಝಲ್ಲೆನ್ನುವ ಅಂಕಿ. ಆದರೆ ಸತುವಿಗೆ ಶಾಖದ ಹಸಿವು ಕಡಿಮೆ, ಒಂದು ಕೆ.ಜಿ. ಸತುವನ್ನು ಒಂದು ಡಿಗ್ರಿ ಏರಿಸಲು ನೀರಿಗೆ ಬೇಕಾದದ್ದರ ಹತ್ತನೆಯ ಒಂದು ಪಾಲು ಶಾಖ ಸಾಕು. ಕೋಣೆಯ ಉಷ್ಣತೆಯಲ್ಲಿರುವ ಒಂದು ಕೆ.ಜಿ. ಸತುವನ್ನು 420ಕ್ಕೆ ಏರಿಸಿ ಪೂರ್ತಿ ಕರಗಿಸಲು ಬೇಕಾಗುವ ಶಾಖವೂ, ಒಂದು ಲೀಟರ್ ನೀರಿಗೆ ಕುದಿ ಬರಿಸಲು ಬೇಕಾಗುವ ಶಾಖವೂ ಹೆಚ್ಚುಕಡಿಮೆ ಒಂದೇ. ಡಿಗ್ರಿ ಎಂಬುದು ಎಷ್ಟು ಕಾದಿದೆ ಎಂದು ಹೇಳುತ್ತದೆ. ಕ್ಯಾಲೊರಿ ಎಂಬುದು ಎಷ್ಟು ನುಂಗಿದೆ ಎಂದು ಹೇಳುತ್ತದೆ. ಈ ಭೂಮಿಯ ಮೇಲೆ ಶಾಖ ನುಂಗುವುದರಲ್ಲಿ ನೀರಿಗೆ ಸಮನಾದ ವಸ್ತು ಅಪರೂಪ.

ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಚಪ್ಪಾಳೆಗಾಗಿ ನಿಂತೆ. ಅವ್ವ ಬೇಳೆ ತೊಳೆಯುತ್ತಿದ್ದಳು.

“ಹಂಗಾದ್ರ ನಾಳಿಂದ ಸತುವೇ ಬೇಯಿಸ್ತೀನಿ ತಮ್ಮಾ, ಗ್ಯಾಸಾದ್ರೂ ಉಳೀತದ” ಎಂದಳು.

ಅವ್ವನೊಂದಿಗೆ ನನಗೆ ಬಹುಕಾಲದ ಸೈದ್ಧಾಂತಿಕ ಭಿನ್ನಾಭಿಪ್ರಾಯ ಇದೆ. ಉರಿ ಜೋರಿದ್ದರೆ ಬೇಳೆ ಲಗೂ ಬೇಯುತ್ತದೆ ಎಂಬುದು ಅವಳ ನಂಬಿಕೆ. ಕುದಿ ಬರುವ ತನಕ ಇದು ನಿಜ. ಕುದಿ ಬಂದ ಮೇಲೆ ನೀರಿನ ಉಷ್ಣತೆ ಅಲ್ಲಿಗೇ ನಿಲ್ಲುತ್ತದೆ. ಬೀದರ್ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವುದರಿಂದ ನಮ್ಮಲ್ಲಿ ಗಾಳಿಯ ಒತ್ತಡ ಸ್ವಲ್ಪ ಕಡಿಮೆ, ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮೇಲೆ ಎಷ್ಟೇ ಉರಿ ಹಾಕಿದರೂ 98 ಎಂಬುದು 99 ಆಗುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡಿ ಚಾವಣಿಗೆ ಕಳಿಸಲು ಖರ್ಚಾಗುತ್ತದೆ. ಖರ್ಚೂ ಸಣ್ಣದಲ್ಲ. ಕುದಿಯುವ ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು 540 ಕಿಲೋಕ್ಯಾಲೊರಿ ಬೇಕು, ಅಂದರೆ ಅದಕ್ಕೆ ಕುದಿ ಬರಿಸಲು ಹಿಡಿದದ್ದರ ಏಳೆಂಟು ಪಟ್ಟು. ಬೇಳೆಗೆ ಗೊತ್ತಾಗುವುದು ಸುತ್ತಲಿನ ನೀರಿನ ಉಷ್ಣತೆ ಮಾತ್ರ. ಕೆಳಗೆ ಉರಿ ಹಾರಾಡುತ್ತಿದೆಯೋ ಮಲಗಿದೆಯೋ, ಅದಕ್ಕೆ ಗೊತ್ತಾಗುವುದಿಲ್ಲ.

“ನಾ ಎಂದೂ ಬೇಳಿಗಿ ಡಿಗ್ರಿ ಕೇಳಿ ಬೇಯಿಸಿಲ್ಲ” ಎಂದಳು ಅವ್ವ. ಉರಿ ಸಣ್ಣ ಮಾಡಲಿಲ್ಲ.

ಬೇಳೆ ನಿಜವಾಗಿಯೂ ಬೇಗ ಬೇಯಬೇಕಾದರೆ ಉರಿಯನ್ನಲ್ಲ, ಕುದಿಯುವ ಬಿಂದುವನ್ನೇ ಏರಿಸಬೇಕು. ಫ್ರಾನ್ಸಿನ ಡೆನಿ ಪಪ್ಯಾಂ 1679ರಲ್ಲಿ ಈ ಉಪಾಯ ಕಂಡುಕೊಂಡ. ಬಿಗಿಯಾದ ಮುಚ್ಚಳದ ಪಾತ್ರೆಯಲ್ಲಿ ಆವಿಯನ್ನು ಕೂಡಿಹಾಕಿ, ಒತ್ತಡ ಮಿತಿ ಮೀರಿದರೆ ಹೊರಬಿಡಲು ತೂಕ ಹೇರಿದ ಕವಾಟ ಇಟ್ಟ. ಎಲುಬು ಕೂಡ ಅದರಲ್ಲಿ ಮೆತ್ತಗಾಗುತ್ತಿತ್ತು. ನಮ್ಮ ಮನೆಯ ಕುಕ್ಕರ್ ಅದರ ಮರಿಮಗಳು. ಒಳಗೆ ಒತ್ತಡ ಇಮ್ಮಡಿಯಾದರೆ ನೀರು ಕುದಿಯುವುದು 120 ಡಿಗ್ರಿಯ ಹತ್ತಿರ. ಹತ್ತು ಡಿಗ್ರಿ ಏರಿದರೆ ಬೇಯುವ ವೇಗ ಸುಮಾರಾಗಿ ಇಮ್ಮಡಿ ಎಂಬ ಅಂದಾಜು ನಿಯಮ ಹಿಡಿದರೆ, ಬೇಳೆ ಕಾಲುಭಾಗ ಹೊತ್ತಿನಲ್ಲಿ ಬೇಯುತ್ತದೆ.

ಇಲ್ಲಿಯವರೆಗೆ ಮನೆಯಲ್ಲಿ ಶಾಂತಿ ಇತ್ತು. ಸೀಟಿ ಎಂದರೆ ವ್ಯರ್ಥವಾಗಿ ಹೊರಹೋಗುವ ಆವಿ, ಒಳಗೆ ಒತ್ತಡ ತುಂಬಿದ ಮೇಲೆ ಪ್ರತಿ ಸೀಟಿಯೂ ನಷ್ಟ ಎಂದು ಘೋಷಿಸಿ, ಕುಕ್ಕರ್ ಉಸಿರು ಬಿಡಲು ಶುರು ಮಾಡುತ್ತಲೇ ಉರಿಯನ್ನು ಪೂರಾ ಇಳಿಸಿ ನಾನು ಹೊರಗೆ ಬಂದೆ. ಒಳಗೆ ಅವ್ವ ಸೀಟಿ ಎಣಿಸಲು ಕುಳಿತಿದ್ದಳು. ನಮ್ಮಾಕಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತ ಸೀಟಿ ಕೇಳಿಸಲಿ ಎಂದು ಕಾಯುತ್ತಿದ್ದಳು. ಇಳಿಸಿದ ಉರಿಯಲ್ಲಿ ಸೀಟಿ ಬರುವಷ್ಟು ಆವಿ ಹೆಚ್ಚಾಗುವುದೇ ಇಲ್ಲ. ಮೂರೂ ಜನ ಮೂರು ಕಡೆ ಕಾದೆವು. ಕೊನೆಗೆ ಮುಚ್ಚಳ ತೆಗೆದಾಗ ಒಳಗೆ ಬೇಳೆ ಎಂಬ ಪದಾರ್ಥ ಇರಲಿಲ್ಲ. ಗೋಡೆಗೆ ಪೋಸ್ಟರ್ ಹಚ್ಚಲು ಯೋಗ್ಯವಾದ ಹಳದಿ ಅಂಟು ಇತ್ತು.

“ಆದ್ರ ಒಂದು ಸೀಟಿನೂ ದಂಡ ಆಗಿಲ್ಲ” ಎಂದೆ.

ಅಂದಿನ ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ ಮತ್ತು ಮೌನ.

ಮೌನದ ಶಿಕ್ಷೆಯ ಜೊತೆಗೆ ಪಾತ್ರೆ ಉಜ್ಜುವ ಶಿಕ್ಷೆಯೂ ಬಂತು. ಬಚ್ಚಲಿನ ನೀರು ಕಾಯಿಸುವ ಹಂಡೆಯ ತಳ ಮಸಿ ಹಿಡಿದು ಕರ್ರಗಾಗಿತ್ತು. ಕಪ್ಪು ಮೇಲ್ಮೈ ವಿಕಿರಣ ಶಾಖವನ್ನು ಚೆನ್ನಾಗಿ ಹೀರುತ್ತದೆ, ಬೆಳ್ಳಗೆ ಹೊಳೆಯುವ ಮೇಲ್ಮೈ ಅದನ್ನು ವಾಪಸ್ ಕಳಿಸುತ್ತದೆ, ಆದ್ದರಿಂದ ಮಸಿ ಉಜ್ಜುವುದು ವಿಜ್ಞಾನಕ್ಕೆ ವಿರುದ್ಧ ಎಂದು ನಾನು ಮನವಿ ಸಲ್ಲಿಸಿದೆ.

ನಮ್ಮಾಕಿ ಹಂಡೆಯ ತಳಕ್ಕೆ ಬೆರಳು ಒತ್ತಿ ತೆಗೆದು, ಬೆರಳಿಗೆ ಹತ್ತಿದ ದಪ್ಪ ಪದರವನ್ನು ನನಗೆ ತೋರಿಸಿದಳು. “ಇಷ್ಟು ದಪ್ಪ ಮಸಿ ಅಂದ್ರ ಹಂಡೇಕ್ಕ ಕೌದಿ ಹೊಚ್ಚಿದಂಗ ಆಗ್ಲಿಲ್ಲೇನ್ರಿ?”

ಇದಕ್ಕೆ ಉತ್ತರ ಇರಲಿಲ್ಲ, ಯಾಕೆಂದರೆ ಅದು ಸರಿಯಾಗಿತ್ತು. ತೆಳ್ಳಗಿನ ಕಪ್ಪು ಶಾಖ ಹೀರಲು ಒಳ್ಳೆಯದು. ದಪ್ಪ ಮಸಿ ಶಾಖವಾಹಕವಲ್ಲ, ಉರಿಗೂ ಲೋಹಕ್ಕೂ ನಡುವೆ ಅಡ್ಡ ಕೂರುತ್ತದೆ. ಮೇಲಾಗಿ ಮಸಿ ಎಂದರೆ ಉರಿಯದೆ ಉಳಿದ ಇಂಗಾಲ. ಗ್ಯಾಸಿನ ಉರಿ ನೀಲಿಯಾಗಿದ್ದರೆ ಗಾಳಿ ಸಾಕಷ್ಟು ಸಿಕ್ಕಿದೆ ಎಂದರ್ಥ. ಹಳದಿಯಾದರೆ ಇಂಗಾಲದ ಕಣಗಳು ಪೂರ್ತಿ ಉರಿಯದೆ ಕಾದು ಹೊಳೆಯುತ್ತಿವೆ. ಅವೇ ಆಮೇಲೆ ಪಾತ್ರೆಯ ತಳಕ್ಕೆ ಬಂದು ಹತ್ತುತ್ತವೆ. ಬರ್ನರಿನ ರಂಧ್ರಗಳನ್ನು ತಂತಿಯಿಂದ ಬಿಡಿಸಿ ತೊಳೆದರೆ ಹಳದಿ ಹೋಗುತ್ತದೆ. ತಂತಿ ನನ್ನ ಕೈಗೆ ಬಂತು, ಬೂದಿಯೂ ಬಂತು. ಹಂಡೆ ಉಜ್ಜುತ್ತ ನನಗೆ ಹೊಳೆದದ್ದು ಕೌದಿಯ ಉಪಾಯ.

ಕೌದಿ ಶಾಖವನ್ನು ಒಳಗೆ ಬರಗೊಡುವುದಿಲ್ಲ ಎಂದಾದರೆ ಹೊರಗೂ ಹೋಗಗೊಡಬಾರದು. ಬೇಳೆಕಾಳಿಗೆ ಕುದಿ ಬರಿಸಿ, ಮುಚ್ಚಳ ಬಿಗಿ ಮಾಡಿ, ಪಾತ್ರೆಯನ್ನು ದಪ್ಪ ಹೊದಿಕೆಯಲ್ಲಿ ಸುತ್ತಿಟ್ಟರೆ ಒಲೆ ಇಲ್ಲದೆಯೂ ಅದು ಒಳಗೇ ಬೇಯುತ್ತದೆ. ಯುರೋಪಿನಲ್ಲಿ ಮಹಾಯುದ್ಧಗಳ ಕಾಲದಲ್ಲಿ ಉರುವಲು ಉಳಿಸಲು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹೀಗೆಯೇ ಅಡುಗೆ ಮಾಡುತ್ತಿದ್ದರು. ಹುಲ್ಲಿನ ಎಸಳುಗಳ ನಡುವೆ, ಕೌದಿಯ ಹಳೆ ಸೀರೆಗಳ ಪದರುಗಳ ನಡುವೆ ಸಿಕ್ಕಿಬಿದ್ದು ಅಲುಗಾಡದ ಗಾಳಿಯೇ ಶಾಖವನ್ನು ತಡೆಯುವುದು. ಪಾತ್ರೆ ತುಂಬಿರಬೇಕು, ಸುತ್ತುವ ಮೊದಲು ಚೆನ್ನಾಗಿ ಕುದಿದಿರಬೇಕು, ತಿನ್ನುವ ಮೊದಲು ಇನ್ನೊಮ್ಮೆ ಕುದಿಸಬೇಕು, ಇಷ್ಟೇ ನಿಯಮ.

ನೆನೆಸಿದ ಕಡಲೆಕಾಳಿಗೆ ಒಂದು ರಾತ್ರಿ ಈ ಪ್ರಯೋಗ ಮಾಡಿದೆ. ಅದು ಪುಷ್ಯ ಮಾಸ. ಕರ್ನಾಟಕದ ಕನಿಷ್ಠ ಉಷ್ಣತೆಯ ಸುದ್ದಿ ಬಂದಾಗ ಬೀದರಿನ ಹೆಸರು ಬರುವುದು ಆಗಲೇ. ಮನೆಯಲ್ಲಿದ್ದ ದಪ್ಪ ಕೌದಿ ನನ್ನದೇ. ರಾತ್ರಿಯೆಲ್ಲ ಕಡಲೆ ಬೆಚ್ಚಗೆ ಮಲಗಿತು. ನಾನು ಒಂದು ಟವೆಲ್ ಹೊದ್ದು, ಶಾಖ ಸದಾ ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿನ ಕಡೆಗೆ ಹರಿಯುತ್ತದೆ ಎಂಬ ನಿಯಮವನ್ನು ನನ್ನ ಮೈಯಿಂದ ನೆಲದ ಕಡೆಗೆ ಪರಿಶೀಲಿಸಿದೆ. ಬೆಳಿಗ್ಗೆ ಕಡಲೆ ಬೆರಳಿಗೆ ಹಿಚುಕುವಷ್ಟು ಬೆಂದಿತ್ತು. ಪ್ರಯೋಗ ಗೆದ್ದಿತು, ನೆಗಡಿಯೂ ಬಂತು. ನೆಗಡಿಗೆ ಬಿಸಿನೀರು, ಶುಂಠಿ ಕಷಾಯ, ಹಬೆ ಹಿಡಿಯಲು ಇನ್ನೊಂದು ಪಾತ್ರೆ ನೀರು. ಉಳಿದ ಗ್ಯಾಸು ಮತ್ತು ಖರ್ಚಾದ ಗ್ಯಾಸಿನ ಜಮಾಖರ್ಚನ್ನು ನಮ್ಮಾಕಿ ಬಾಯಲ್ಲೇ ಮಾಡಿ ಮುಗಿಸಿದಳು.

ನನ್ನ ಜಾತಿಯವರು ಲೋಕದಲ್ಲಿ ಬೇರೆಯೂ ಇದ್ದರು ಎಂಬುದೇ ನನ್ನ ಸಮಾಧಾನ. ಅಮೆರಿಕದಲ್ಲಿ ಹುಟ್ಟಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಅಧಿಕಾರಿಯಾಗಿದ್ದ ಬೆಂಜಮಿನ್ ಥಾಮ್ಸನ್, ಅಂದರೆ ಕೌಂಟ್ ರಮ್‌ಫರ್ಡ್, ನನ್ನ ಕುಲಗುರು. ಶಾಖ ಎಂಬುದು ವಸ್ತುಗಳೊಳಗೆ ತುಂಬಿಕೊಂಡಿರುವ ಕಣ್ಣಿಗೆ ಕಾಣದ ದ್ರವ ಎಂದು ಪಂಡಿತರು ನಂಬಿದ್ದ ಕಾಲ ಅದು. ಈತ ಫಿರಂಗಿಯ ಕೊಳವೆ ಕೊರೆಯುವುದನ್ನು ನೋಡಿ, ಲೋಹವನ್ನು ನೀರಿನೊಳಗಿಟ್ಟು ಕುದುರೆಗಳಿಂದ ಮೊಂಡ ಬೈರಿಗೆ ತಿರುಗಿಸಿದ. ಎರಡೂವರೆ ಗಂಟೆಯಲ್ಲಿ ಬೆಂಕಿಯೇ ಇಲ್ಲದೆ ನೀರು ಕುದಿಯಿತು. ಉಜ್ಜಿದಷ್ಟು ಹೊತ್ತೂ ಶಾಖ ಹುಟ್ಟುತ್ತಲೇ ಇದ್ದರೆ ಅದು ಒಳಗೆ ತುಂಬಿಟ್ಟ ದ್ರವವಾಗಿರಲಾರದು, ಚಲನೆಯ ಒಂದು ರೂಪವೇ ಇರಬೇಕು ಎಂದು 1798ರಲ್ಲಿ ಬರೆದ. ಇವನೇ ತೆರೆದ ಒಲೆಗಳ ಮೇಲೂ ಯುದ್ಧ ಸಾರಿದ. ಉರಿಯನ್ನು ಇಟ್ಟಿಗೆಯೊಳಗೆ ಮುಚ್ಚಿ, ಪಾತ್ರೆಯನ್ನು ಕುಳಿಯೊಳಗೆ ಇಳಿಸಿ, ಗಾಳಿಯ ದಾರಿಗೆ ಬಾಗಿಲಿಟ್ಟು, ಪ್ರತಿ ಪಾತ್ರೆಗೂ ಬೇಕಾದಷ್ಟೇ ಉರಿ ಸಿಗುವ ಒಲೆ ಕಟ್ಟಿಸಿದ.

ಇದನ್ನು ಹೆಮ್ಮೆಯಿಂದ ಹೇಳಿ ಮುಗಿಸಿದಾಗ ನಮ್ಮಾಕಿ ಕೇಳಿದ್ದು ಒಂದೇ ಪ್ರಶ್ನೆ. “ಅವನ ಹೆಣ್ತಿ ಏನಂತಿದ್ಲು?”

ಈ ಭಾಗವನ್ನು ನಾನು ಹೇಳಬಾರದಿತ್ತು. ರಮ್‌ಫರ್ಡ್ ಮದುವೆಯಾದದ್ದು ಮಹಾ ರಸಾಯನಶಾಸ್ತ್ರಜ್ಞ ಲವಾಸಿಯೆಯ ವಿಧವೆಯನ್ನು. ಸಂಸಾರ ಬಹಳ ದಿನ ನಡೆಯಲಿಲ್ಲ. ಜಗಳದ ಮಧ್ಯೆ ತನ್ನ ಚೆಂದದ ಹೂಗಿಡಗಳ ಮೇಲೆ ಆಕೆ ಕುದಿಯುವ ನೀರು ಸುರಿದಳು ಎಂದು ಆತ ಮಗಳಿಗೆ ಬರೆದ ಪತ್ರದಲ್ಲಿ ದೂರಿದ್ದಾನೆ.

ನಮ್ಮಾಕಿ ಏನೂ ಅನ್ನಲಿಲ್ಲ. ಅಂಗಳದಲ್ಲಿದ್ದ ನನ್ನ ಗುಲಾಬಿ ಕುಂಡವನ್ನು ಒಮ್ಮೆ ನೋಡಿದಳು, ಒಲೆಯ ಮೇಲಿದ್ದ ನೀರನ್ನು ಒಮ್ಮೆ ನೋಡಿದಳು. ನಾನು ಕುಂಡವನ್ನು ಮಾಳಿಗೆಗೆ ಸಾಗಿಸಿ, ಕೆಲವು ದಿನ ಊರು ಬಿಡುವುದು ಒಳ್ಳೆಯದೆಂದು ಭಾಲ್ಕಿಯ ಅಕ್ಕನ ಮನೆಗೆ ಹೊರಟೆ.

ಭಾಲ್ಕಿ ಕಡೆ ಕಬ್ಬಿನ ಹೊಲಗಳು, ಚಳಿಗಾಲದಲ್ಲಿ ಬೆಲ್ಲದ ಗಾಣಗಳು. ಅಕ್ಕನ ಮನೆಯವರ ಕಬ್ಬು ಅರೆಯುತ್ತಿದ್ದ ಗಾಣಕ್ಕೆ ಹೋದೆ, ಜೇಬಿನಲ್ಲಿ ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟುಕೊಂಡು. ನಮ್ಮ ಮನೆಯ ಬೇಳೆಯಲ್ಲಿ ಆವಿ ಎಂದರೆ ನಷ್ಟ. ಇಲ್ಲಿ ಆವಿಯೇ ಕಸುಬು. ಕಬ್ಬಿನ ರಸದಲ್ಲಿ ಹೆಚ್ಚಿನದೆಲ್ಲ ನೀರು. ಒಂದು ಕೆ.ಜಿ. ಬೆಲ್ಲ ಬರಬೇಕಾದರೆ ಸುಮಾರು ನಾಲ್ಕು ಲೀಟರ್ ನೀರನ್ನು ಮುಗಿಲಿಗೆ ಕಳಿಸಬೇಕು. ಕುದಿ ಬರಿಸುವ ಶಾಖವೂ ಸೇರಿ ಎರಡೂವರೆ ಸಾವಿರ ಕಿಲೋಕ್ಯಾಲೊರಿಯ ಕೆಲಸ. ಅಷ್ಟು ಉರುವಲನ್ನು ಕೊಂಡು ತಂದರೆ ಬೆಲ್ಲ ಮಾಡಿದವನು ಮನೆ ಮಾರಬೇಕು. ಆದರೆ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಬಿಸಿಲಿಗೆ ಒಣಗಿಸಿ ಕೊಪ್ಪರಿಗೆಯ ಕೆಳಗೆ ಹಾಕುತ್ತಾರೆ. ಕಬ್ಬಿನ ರಸವನ್ನು ಕಬ್ಬೇ ಕುದಿಸುತ್ತದೆ.

ಉರಿ ಹಾಕುವವನಿಗೆ ನಾನು ಗಾಳಿಯ ಪಾಠ ಆರಂಭಿಸಿದೆ. ಗಾಳಿ ಕಡಿಮೆಯಾದರೆ ಸಿಪ್ಪೆ ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಹೆಚ್ಚಾದರೆ ತಣ್ಣನೆಯ ಗಾಳಿಯನ್ನು ಕಾಯಿಸಿ ಚಿಮಣಿಯಿಂದ ಹೊರಗೆ ಕಳಿಸುವುದಕ್ಕೇ ಶಾಖ ಖರ್ಚಾಗುತ್ತದೆ ಎಂದೆ.

ಅವನು 'ಹೌದ್ರಿ' ಎಂದು ತಲೆಯಾಡಿಸಿ ಚಿಮಣಿಯ ಕಡೆ ಕೈ ತೋರಿಸಿದ. “ಮಾಸ್ತರೇ, ಹೊಗಿ ಬೆಳ್ಳಗ ಬಂದ್ರ ಸಿಪ್ಪಿ ಹಸಿ ಅದ. ಕರ್ರಗ ಬಂದ್ರ ನಾ ಜಾಸ್ತಿ ತುರುಕೀನಿ. ಹೊಗಿ ಕಾಣದಿದ್ರ ಬರೋಬರಿ ಅದ.”

ನನ್ನ ಅರ್ಧ ತಾಸಿನ ಪಾಠಕ್ಕೆ ಅವನದು ಮೂರು ವಾಕ್ಯ. ಮೂರೂ ಸರಿ. ಹಸಿ ಸಿಪ್ಪೆ ತನ್ನೊಳಗಿನ ನೀರನ್ನು ಮೊದಲು ಆವಿ ಮಾಡಬೇಕು, ಆ ಶಾಖ ಬೆಲ್ಲಕ್ಕೆ ಸಿಗುವುದಿಲ್ಲ. ಕಿಕ್ಕಿರಿದ ಒಲೆಗೆ ಗಾಳಿ ಸಾಲುವುದಿಲ್ಲ, ಮಸಿ ಏಳುತ್ತದೆ. ಮುಖ ಉಳಿಸಿಕೊಳ್ಳಲು ಕೊಪ್ಪರಿಗೆಯ ಹತ್ತಿರ ಹೋಗಿ ಥರ್ಮಾಮೀಟರ್ ಹೊರತೆಗೆದೆ. ಅಲ್ಲಿದ್ದ ಹಿರಿಯ ನನ್ನ ಕೈ ಹಿಡಿದ. ಮನೆಯಲ್ಲಿ ನಾನು ಸಾರುತ್ತಿದ್ದ, ಕುದಿಯುವ ಪಾತ್ರೆಯ ಉಷ್ಣತೆ ಏರುವುದಿಲ್ಲ ಎಂಬ ನಿಯಮ ಅಲ್ಲಿ ನಡೆಯುವುದಿಲ್ಲ. ನೀರು ಕಡಿಮೆಯಾಗಿ ಸಕ್ಕರೆಯ ಅಂಶ ದಟ್ಟವಾಗುತ್ತ ಹೋದ ಹಾಗೆ ಕುದಿಯುವ ಬಿಂದುವೂ ಮೇಲೇರುತ್ತದೆ. ಬೆಲ್ಲ ಇಳಿಸುವ ಹೊತ್ತಿಗೆ ಅದು 118ರ ಸುಮಾರಿಗೆ ಇರುತ್ತದೆ. ನನ್ನ ಥರ್ಮಾಮೀಟರಿನ ಅಂಕಿ 110ಕ್ಕೆ ಮುಗಿಯುತ್ತದೆ. ಹಿರಿಯ ಒಂದು ಹನಿ ಪಾಕ ತೆಗೆದು ತಣ್ಣೀರಿನ ಬಟ್ಟಲಿಗೆ ಬಿಟ್ಟ, ಬೆರಳಲ್ಲಿ ಉಂಡೆ ಮಾಡಿ ನೋಡಿದ, “ಇಳಸ್ರೋ” ಎಂದ. ನನ್ನ ಓದು ನಿಂತ ಡಿಗ್ರಿಯಿಂದಲೇ ಅವನ ಕೆಲಸ ಶುರುವಾಗುತ್ತದೆ. ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡು ಬಿಸಿ ಬೆಲ್ಲ ತಿಂದೆ. ಮನೆಗೆ ಒಂದು ಪೆಂಟೆಯನ್ನೂ ಒಯ್ದೆ, ರಾಜಿಗೆ.

ರಾಜಿ ಆಯಿತು, ಷರತ್ತಿನ ಮೇಲೆ. ಸಂಕ್ರಾಂತಿಗೆ ತವರಿಗೆ ಹೋಗಬೇಕು, ಅಲ್ಲಿ ಅತ್ತೆಯ ಒಲೆಯ ಬಗ್ಗೆ ನಾನು ಮಾತಾಡಬಾರದು. ನಮ್ಮಾಕಿಯ ತವರು ಔರಾದ್ ಕಡೆಯ ಹಳ್ಳಿ, ಕರ್ನಾಟಕದ ಉತ್ತರದ ತುದಿ. ಅತ್ತ ಹೊರಳಿದರೆ ಮಹಾರಾಷ್ಟ್ರ, ಇತ್ತ ಹೊರಳಿದರೆ ತೆಲಂಗಾಣ. ಅಲ್ಲಿ ಕೊಟ್ಟಿಗೆಯಲ್ಲಿ ದೇವಣಿ ಆಕಳು, ಅಂಗಳದಲ್ಲಿ ಕುಳ್ಳಿನ ರಾಶಿ, ಗೋಡೆಗೆ ಒರಗಿಸಿದ ತೊಗರಿ ಕಟ್ಟಿಗೆ. ಒಳಗೆ ಮಣ್ಣಿನ ಒಲೆ. ಗಾಣದಲ್ಲಿ ಕಬ್ಬು ಮಾಡುವ ಕೆಲಸವನ್ನು ಇಲ್ಲಿ ತೊಗರಿ ಮಾಡುತ್ತದೆ: ತೊಗರಿಯ ಬೇಳೆ ತೊಗರಿಯ ಕಟ್ಟಿಗೆಯ ಮೇಲೆ ಬೇಯುತ್ತದೆ.

ನಾನು ಷರತ್ತನ್ನು ಸಂಜೆಯವರೆಗೆ ಪಾಲಿಸಿದೆ. ಚಳಿ ಏರಿದ ಮೇಲೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತೆ. ಒಣಗಿದ ಕಟ್ಟಿಗೆಯ ಕೆ.ಜಿ.ಯಲ್ಲಿ ನಾಲ್ಕು ಸಾವಿರದ ಹತ್ತಿರ ಕಿಲೋಕ್ಯಾಲೊರಿ ಇರುತ್ತದೆ, ಕುಳ್ಳಿನಲ್ಲಿ ಮೂರು ಸಾವಿರ. ಆದರೆ ತೆರೆದ ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಮಣ್ಣಿನ ಒಲೆ ಅದಕ್ಕಿಂತ ತುಸು ವಾಸಿ. ಇದು ತಲೆಗೆ ಬಂದ ಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ.

“ಅತ್ತಿ, ನೂರು ರೂಪಾಯಿದು ಕಟ್ಟಿಗಿ ಹಾಕಿದ್ರ ಗಡಿಗಿಗಿ ಮುಟ್ಟೋದು ಹದಿನೈದೇ ರೂಪಾಯಿ. ಉಳಿದ ಎಂಬತ್ತೈದು ಎಲ್ಲಿ ಹೋಗ್ತದ?”

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅಳಿಯಂದ್ರೇ, ನಿಮ್ಮ ಕೈ ಈಗ ಎಲ್ಲಿ ಅವ?”

ನೋಡಿಕೊಂಡೆ. ನನ್ನ ಎರಡೂ ಅಂಗೈಗಳು ಒಲೆಯ ಕಡೆ ಚಾಚಿದ್ದವು. ಪಕ್ಕದಲ್ಲಿ ಮಾವನವರ ಅಂಗೈಗಳು, ಆಚೆ ಮಕ್ಕಳು, ಅವರ ನಡುವೆ ಬೆಕ್ಕು. ಒಲೆಯ ಹಿಂಬದಿಯ ಬಾಯಿಯ ಮೇಲೆ ಮೀಯುವ ನೀರಿನ ಹಂಡೆ. ಮೇಲಿನ ನೆಲುವಿನಲ್ಲಿ ನಾಳೆಯ ಹಸಿ ಕಟ್ಟಿಗೆ ಒಣಗುತ್ತಿತ್ತು. ಕೆಳಗೆ ಬೀಳುತ್ತಿದ್ದ ಬೂದಿ ಬೆಳಿಗ್ಗೆ ಪಾತ್ರೆ ತಿಕ್ಕಲು.

ದಕ್ಷತೆ ಎಂದರೆ ಉಪಯೋಗಕ್ಕೆ ಬಂದ ಶಾಖವನ್ನು ಒಟ್ಟು ಶಾಖದಿಂದ ಭಾಗಿಸಿದ್ದು ಎಂದು ನಾನು ವರ್ಷವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಯಾವುದು ಉಪಯೋಗ ಎಂದು ಯಾರು ನಿರ್ಧರಿಸಬೇಕು ಎಂಬುದನ್ನು ಮಾತ್ರ ಎಂದೂ ಬರೆದಿಲ್ಲ. ಪ್ರಯೋಗಾಲಯದವರು ಪಾತ್ರೆಯೊಳಗಿನ ನೀರನ್ನಷ್ಟೇ ಎಣಿಸುತ್ತಾರೆ. ಔರಾದಿನ ಜನವರಿಯಲ್ಲಿ ಪಾತ್ರೆಯ ಹೊರಗೆ ಒಂದು ಕುಟುಂಬ ಕುಳಿತಿರುತ್ತದೆ. ಮೇ ತಿಂಗಳಲ್ಲಿ ಅದೇ ಎಂಬತ್ತೈದು ಪಾಲು ಅತ್ತೆಯ ಬೆವರಾಗುತ್ತದೆ, ಆಗ ನನ್ನ ಲೆಕ್ಕವೇ ಸರಿ. ಒಲೆ ಅದೇ, ಉರಿ ಅದೇ. ತಿಂಗಳು ಬದಲಾದರೆ ದಕ್ಷತೆಯೂ ಬದಲಾಗುತ್ತದೆ.

ರೊಟ್ಟಿಯ ವಿಷಯಕ್ಕೆ ಬಂದರೆ ಅತ್ತೆಯ ಮುಂದೆ ನನ್ನ ಪಠ್ಯಪುಸ್ತಕ ಬರೀ ಪೀಠಿಕೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಪಿಷ್ಟವನ್ನು ಅರ್ಧ ಬೇಯಿಸಿ ನಾದುತ್ತಾರೆ. ಹಂಚಿನ ಮೇಲೆ ಹಾಕಿದಾಗ ಕಬ್ಬಿಣದಿಂದ ಹಿಟ್ಟಿಗೆ ಶಾಖ ಹರಿಯುವುದು ವಹನ. ಹಂಚಿನ ಕೆಳಗೆ ಬಿಸಿ ಗಾಳಿ ಏಳುವುದು ಸಂವಹನ. ಅರ್ಧ ಬೆಂದ ರೊಟ್ಟಿಯನ್ನು ಕೆಂಡದ ಮುಂದೆ ನಿಲ್ಲಿಸಿದಾಗ ಮುಟ್ಟದೆಯೇ ಬೇಯಿಸುವುದು ವಿಕಿರಣ. ಮೇಲೆ ಸವರಿದ ನೀರು ಒಣಗುವ ತನಕ ಮೇಲ್ಮೈ ಸೀಯುವುದಿಲ್ಲ. ಒಳಗಿನ ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ, ರೊಟ್ಟಿ ಉಬ್ಬುತ್ತದೆ. ನನ್ನ ಮೂರು ಪೀರಿಯಡ್‌ಗಳ ಪಾಠ ಆಕೆಯ ಒಂದೇ ರೊಟ್ಟಿಯಲ್ಲಿ ಮುಗಿಯಿತು. ನಾನೂ ಒಂದು ಬಡಿದೆ. ಅದು ಉಬ್ಬಲಿಲ್ಲ. ಅಂಚಿನಲ್ಲಿ ಬಿರುಕು ಬಿಟ್ಟು ಆವಿ ಹೊರಗೆ ಹೋಯಿತು ಎಂದು ಕಾರಣ ವಿವರಿಸುತ್ತಿದ್ದಾಗ ಮಕ್ಕಳು ಅದನ್ನು ಬೆಕ್ಕಿಗೆ ಹಾಕಿದರು. ಬೆಕ್ಕು ಮೂಸಿ ನೋಡಿ ಒಲೆಯ ಕಡೆಗೇ ತಿರುಗಿ ಕುಳಿತಿತು.

ಆದರೆ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಮಾತಾಡುವಾಗೆಲ್ಲ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊಗೆ ಯಾರ ಅಂಗೈಯನ್ನೂ ಬೆಚ್ಚಗೆ ಮಾಡುವುದಿಲ್ಲ. ಅದು ಪೂರ್ತಿ ಉರಿಯದೆ ಹೋದ ಉರುವಲು. ಅದರೊಳಗೆ ಕಾರ್ಬನ್ ಮೋನಾಕ್ಸೈಡ್, ಶ್ವಾಸಕೋಶದ ಒಳಗಿನವರೆಗೆ ಇಳಿಯುವ ಸಣ್ಣ ಕಣಗಳು. ಚಳಿಗಾಲದ ನ್ಯಾಯ ಹೊಗೆಗೆ ಅನ್ವಯಿಸುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಅಡುಗೆಮನೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿತು. ಅಲ್ಲಿ ಹುಟ್ಟಿದ ಅಸ್ತ್ರ ಒಲೆಯಲ್ಲಿ ಉರಿ ಮುಚ್ಚಿದ ಗೂಡಿನೊಳಗೆ. ಕೆಳಗೆ ಜಾಲರಿಯ ಮೂಲಕ ಗಾಳಿ. ಮೊದಲ ಪಾತ್ರೆಯನ್ನು ದಾಟಿದ ಬಿಸಿ ಗಾಳಿ ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗಿ, ಕೊನೆಗೆ ಚಿಮಣಿಯಿಂದ ಹೊರಗೆ. ಪ್ರಯೋಗಾಲಯದಲ್ಲಿ ಅದರ ದಕ್ಷತೆ ನೂರಕ್ಕೆ 40ರ ಹತ್ತಿರ. 1980ರ ದಶಕದಿಂದ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಒಲೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಟ್ಟಿದರು. ಚಿಮಣಿಯ ಮಸಿ ತೆಗೆಯುವವರಿದ್ದ ಮನೆಗಳಲ್ಲಿ ಅವು ಬಾಳಿದವು.

ಅತ್ತೆಯ ಮನೆಗೂ ಗ್ಯಾಸ್ ಬಂದಿದೆ. “ಚಹಾಕ್ಕ, ಹಾಲಿಗಿ ಗ್ಯಾಸು. ರೊಟ್ಟಿಗಿ, ಮೀಯೋ ನೀರಿಗಿ ಒಲಿ” ಎಂಬುದು ಆಕೆಯ ಇಂಧನ ನೀತಿ. ಸಣ್ಣ ಕೆಲಸಕ್ಕೆ ತಟ್ಟನೆ ಹತ್ತಿ ತಟ್ಟನೆ ಆರುವ ಉರಿ, ದೊಡ್ಡ ಕೆಲಸಕ್ಕೆ ಮನೆಯ ಹೊಲದಲ್ಲೇ ಬೆಳೆದ ಉರುವಲು. ಇದಕ್ಕೆ ನಾನು ಸೇರಿಸಲು ಸಾಧ್ಯವಾದದ್ದು ಒಂದೇ. ಮರುದಿನ ಏಣಿ ಹತ್ತಿ ಒಲೆಯ ಮೇಲಿನ ಮಾಡಿನಲ್ಲಿ ಮುಚ್ಚಿಹೋಗಿದ್ದ ಗವಾಕ್ಷಿಯನ್ನು ಬಿಡಿಸಿದೆ. ಹೊಗೆ ಮೇಲಕ್ಕೆ ಹೋಯಿತು. ಅತ್ತೆ ಅಂದು ಕಣ್ಣು ಒರೆಸಿಕೊಳ್ಳಲಿಲ್ಲ. ಇಷ್ಟು ವರ್ಷದ ವಿಜ್ಞಾನ ಬೋಧನೆಯಲ್ಲಿ ಮನೆಯವರು ಮೆಚ್ಚಿದ ನನ್ನ ಏಕೈಕ ಸಾಧನೆ ಏಣಿ ಹತ್ತಿದ್ದು.

ಓದುಗರಲ್ಲಿ ನನ್ನ ಜಾತಿಯವರು ಇದ್ದರೆ ಅವರಿಗೆ ಒಂದಿಷ್ಟು ಮಾತು. ಒಲೆಯಲ್ಲಿ ಶಾಖ ಹುಟ್ಟಿಸುವುದು ಸುಲಭ, ಅದನ್ನು ಬೇಕಾದಲ್ಲಿ ಕೂರಿಸುವುದೇ ಕಷ್ಟ. ಆದ್ದರಿಂದ ಬೇಳೆಕಾಳು ಮೊದಲೇ ನೆನೆಹಾಕಿ. ಪಾತ್ರೆಗೆ ಮುಚ್ಚಳ ಹಾಕಿ. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಹರಿಯದಿರಲಿ. ಕುದಿ ಬಂದ ಮೇಲೆ ಸಣ್ಣ ಮಾಡಿ. ಕುಕ್ಕರಾದರೆ ಸೀಟಿಯ ಬದಲು ಗಡಿಯಾರ ನೋಡಿ, ನೋಡುತ್ತಿದ್ದೀರಿ ಎಂದು ಮನೆಯವರಿಗೂ ತಿಳಿಸಿ. ಉರಿ ಹಳದಿಯಾದರೆ ಬರ್ನರ್ ತೊಳೆಯಿರಿ. ಕಟ್ಟಿಗೆಯ ಒಲೆಯಾದರೆ ಉರುವಲು ಒಣಗಿರಲಿ, ಹೊಗೆಗೆ ದಾರಿ ಇರಲಿ. ಇವೆಲ್ಲ ಪರೀಕ್ಷಿಸಿ ನೋಡಿದ ಸತ್ಯಗಳು. ಆದರೆ ಅಡುಗೆ ಮಾಡುತ್ತಿರುವವರ ಬೆನ್ನ ಹಿಂದೆ ನಿಂತು ಇವನ್ನು ಓದಿ ಹೇಳಬೇಡಿ. ಸುಮ್ಮನೆ ಒಳಗೆ ಹೋಗಿ, ನೀವೇ ಮಾಡಿ.